ಕಾರಿನ ಪಾಲಿಶ್: ಯಂತ್ರ ಓಡಿಸುವ ಮೊದಲು ಪ್ಯಾಡ್ ಹದವಾಗಲಿ

ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಕಾಸರಗೋಡಿನ ಕಡೆ ಕಾರುಗಳ ಮೈಯ ನಿಜಸ್ಥಿತಿ ಕಾಣಿಸುತ್ತದೆ. ಕೆಸರಿನ ಮೇಲೆಯೇ ಬಟ್ಟೆ ಎಳೆದು ಬಿದ್ದ ಸುತ್ತುಸುತ್ತಿನ ಗೀರುಗಳು, ಹಕ್ಕಿಯ ಹಿಕ್ಕೆ ಒಣಗಿ ಮಾಸಿದ ಕಲೆ, ಹಲಸಿನ ಮರದಡಿಯ ಮೇಣ, ರಸ್ತೆ ಕಾಮಗಾರಿಯ ನಡುವೆ ಓಡಾಡಿ ಅಂಟಿಸಿಕೊಂಡ ಡಾಮರಿನ ಚುಕ್ಕಿ. ತೋಟದ ಬದಿಯಲ್ಲಿ ನಿಲ್ಲಿಸಿದ ಕಾರಾದರೆ ಅಡಿಕೆಗೆ ಹೊಡೆದ ಮೈಲುತುತ್ತಿನ ಹನಿಯೂ ಸೇರಿರುತ್ತದೆ. ಈಗ ಪಾಲಿಶ್ ಯಂತ್ರಗಳು ಆನ್‌ಲೈನಿನಲ್ಲಿ ಸುಲಭವಾಗಿ ಸಿಗುವುದರಿಂದ ಮನೆಯ ಶೆಡ್ಡಿನಲ್ಲೇ ಕೆಲಸ ಮಾಡಿಕೊಳ್ಳಲು ಹೊರಟವರು ಬಹಳ. ಅಂಗಡಿಗೆ ಕೊಡುವವರಿಗೂ ಅಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಒಳ್ಳೆಯದು. ಎಲ್ಲರೂ ಮೊದಲು ಕೇಳುವುದು ಯಾವ ಯಂತ್ರ, ಯಾವ ಕಂಪನಿಯ ಪಾಲಿಶ್ ಎಂದು. ಪೇಂಟಿಗೆ ತಾಗುವುದು ಮಾತ್ರ ಯಂತ್ರದ ಮುಖಕ್ಕೆ ಅಂಟಿಸುವ ಮೆತ್ತೆ, ಅಂದರೆ ಪ್ಯಾಡ್. ಫಲಿತಾಂಶದ ಬಹುಪಾಲು ಅದರ ಸ್ಥಿತಿಯ ಮೇಲೆ ನಿಂತಿದೆ.

ಪಾಲಿಶ್ ಎಂದರೆ ತೆಗೆಯುವ ಕೆಲಸ

ಕಾರ್ಖಾನೆಯ ಪೇಂಟಿನಲ್ಲಿ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ತಗಡಿನ ಮೇಲೆ ತುಕ್ಕು ತಡೆಯುವ ಇ-ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಒಟ್ಟು ದಪ್ಪ ಬಹುತೇಕ ಕಾರುಗಳಲ್ಲಿ 80ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ಹೊಳಪು ಇರುವುದು ಈ ಪದರದಲ್ಲೇ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ರಾಸಾಯನಿಕ ಇರುವುದೂ ಇದರಲ್ಲೇ.

ಗೀರು ಕಾಣುವುದು ಅದರ ಅಂಚುಗಳಲ್ಲಿ ಬೆಳಕು ಚದರುವುದರಿಂದ. ಪಾಲಿಶ್ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ತಳದ ಮಟ್ಟಕ್ಕೆ ತಗ್ಗಿಸುತ್ತದೆ. ನಯವಾದ ಪಾಲಿಶನ್ನು ಮೆತ್ತನೆಯ ಫೋಮ್ ಪ್ಯಾಡಿನಲ್ಲಿ ಓಡಿಸಿದರೆ ಒಂದು ಮೈಕ್ರಾನಿಗಿಂತ ಕಡಿಮೆ ಹೋಗುತ್ತದೆ. ಕಂಪೌಂಡ್ ಎನ್ನುವ ಒರಟು ಪಾಲಿಶನ್ನು ಉಣ್ಣೆ ಅಥವಾ ಮೈಕ್ರೋಫೈಬರ್ ಪ್ಯಾಡಿನಲ್ಲಿ ಓಡಿಸಿದರೆ ಎರಡು ಮೂರು ಮೈಕ್ರಾನ್ ಹೋಗಬಹುದು. ಹೋದದ್ದು ಮರಳಿ ಬರುವುದಿಲ್ಲ. ವರ್ಷಕ್ಕೆರಡು ಸಲ ಕಂಪೌಂಡ್ ಮಾಡಿಸುವ ಅಭ್ಯಾಸವಿದ್ದರೆ ಕೆಲವೇ ವರ್ಷಗಳಲ್ಲಿ ಕ್ಲಿಯರ್ ಕೋಟ್ ಬಿಸಿಲಿಗೆ ಸೋತು ಬಿಳಿಚಿ ಸಿಪ್ಪೆ ಏಳತೊಡಗುತ್ತದೆ. ಆಗ ಉಳಿಯುವ ದಾರಿ ಮರುಪೇಂಟ್ ಒಂದೇ.

ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶಿನಿಂದ ಪೂರ್ತಿ ಹೋಗದು, ಅಂಚು ಮೃದುವಾಗಿ ಕಣ್ಣಿಗೆ ಹೊಡೆಯುವುದು ಕಡಿಮೆಯಾದೀತು ಅಷ್ಟೆ. ಅದನ್ನು ಹಾಗೆಯೇ ಬಿಡುವುದು ಜಾಣತನ.

ಪೇಂಟಿನ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಪ್ರತಿ ಭಾಗದಲ್ಲಿ ನಾಲ್ಕೈದು ಕಡೆ ಇಟ್ಟು ನೋಡಿ. ಸುತ್ತಲೂ 110 ಇದ್ದು ಒಂದು ಬಾಗಿಲಲ್ಲಿ ಮಾತ್ರ 250 ತೋರಿಸಿದರೆ ಅದು ಮರುಪೇಂಟ್ ಆದ ಬಾಗಿಲು. 500 ದಾಟಿದರೆ ಒಳಗೆ ಪುಟ್ಟಿ ಇದೆ. ದಪ್ಪ ಹೆಚ್ಚಿದೆಯೆಂದು ಧೈರ್ಯ ಬೇಡ, ಗ್ಯಾರೇಜಿನ ಪೇಂಟ್ ಕಾರ್ಖಾನೆಯದ್ದಕ್ಕಿಂತ ಮೆತ್ತಗಿರುವುದು ಸಾಮಾನ್ಯ. ಒಟ್ಟು ದಪ್ಪ 80ಕ್ಕಿಂತ ಕೆಳಗಿದ್ದಲ್ಲಿ ಕಂಪೌಂಡ್ ಮುಟ್ಟಿಸಬೇಡಿ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಸಾಧಾರಣ ಮೀಟರ್ ಅಲ್ಲಿ ಓದುವುದಿಲ್ಲ.

ಪಾಲಿಶಿಗೆ ಮೊದಲು ಮೈ ಶುಚಿಯಾಗಬೇಕು

ಒಂದು ಮರಳಿನ ಕಣ ಪ್ಯಾಡಿನಡಿ ಸಿಕ್ಕರೂ ತೆಗೆದದ್ದಕ್ಕಿಂತ ಹೆಚ್ಚು ಗೀರು ಬೀಳುತ್ತದೆ. ಕೆಂಪು ಕಲ್ಲಿನ ಹುಡಿ ಬಾಗಿಲಿನ ಸಂದು, ರಬ್ಬರ್ ಬೀಡಿಂಗ್, ನಂಬರ್ ಪ್ಲೇಟಿನ ಹಿಂಭಾಗದಲ್ಲಿ ಅಡಗಿರುತ್ತದೆ, ಯಂತ್ರದ ಅದುರಿಗೆ ಹೊರಗೆ ಬರುತ್ತದೆ. ಅಲ್ಲೆಲ್ಲ ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಅದ್ದಿ ಹಿಂಡಲು ಬರಿ ನೀರು, ಮೇಲಿನಿಂದ ಕೆಳಗೆ ತೊಳೆಯಿರಿ.

ಡಾಮರಿಗೆ ಟಾರ್ ರಿಮೂವರ್ ಹಚ್ಚಿ ಎರಡು ಮೂರು ನಿಮಿಷ ಬಿಟ್ಟು ಒರೆಸಿದರೆ ಉಜ್ಜುವ ಅಗತ್ಯವೇ ಬೀಳುವುದಿಲ್ಲ. ಬ್ರೇಕಿನಿಂದ ಹಾರಿ ಕೂತ ಕಬ್ಬಿಣದ ಹುಡಿಗೆ ಐರನ್ ರಿಮೂವರ್ ಇದೆ, ಕಬ್ಬಿಣ ಸಿಕ್ಕಲ್ಲಿ ದ್ರವ ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಅಡಿಕೆಗೆ ಹೊಡೆಯುವ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣದ ಕಲೆಯ ಬಗ್ಗೆ ತೋಟವಿರುವ ಮನೆಯವರು ತಿಳಿದಿರಲೇಬೇಕು. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಗಾಳಿಗೆ ಹಾರಿ ಬಾನೆಟ್ಟಿನ ಮೇಲೆ ಬಿದ್ದು ಒಣಗಿದ ಮೇಲೆ ಅದರ ಸುಣ್ಣ ನೀರಿಗೆ ಜಗ್ಗುವುದಿಲ್ಲ. ಜನ ಸೀದಾ ಕಂಪೌಂಡ್ ಹಾಕಿ ಉಜ್ಜುತ್ತಾರೆ, ಸುಣ್ಣದ ಹರಳುಗಳು ಪ್ಯಾಡಿಗೆ ಹತ್ತಿ ಗೀರುತ್ತವೆ. ಸುಣ್ಣ ಕರಗುವುದು ಹುಳಿಗೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ನೆರಳಿನಲ್ಲಿ ಕಲೆಯ ಮೇಲೆ ಎರಡು ನಿಮಿಷ ಹಾಸಿ, ಒಣಗಲು ಬಿಡದೆ ಚೆನ್ನಾಗಿ ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ಆ ಮೇಲೂ ಉಳಿದ ಮಸುಕು ಪೇಂಟಿನೊಳಗೆ ಇಳಿದದ್ದು, ಅದಕ್ಕೆ ಪಾಲಿಶ್.

ಕೊನೆಗೆ ಕ್ಲೇ, ತೊಳೆದರೂ ಪೇಂಟಿಗೆ ಅಂಟಿ ಉಳಿದ ಕಣಗಳನ್ನು ಎತ್ತುವ ಜೇಡಿಯಂಥ ಮೆತ್ತನೆಯ ತುಂಡು. ತೊಳೆದ ಪೇಂಟನ್ನು ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿ ನೋಡಿದರೆ ಒರಟು ತಿಳಿಯುತ್ತದೆ. ಕ್ಲೇ ತುಂಡನ್ನು ಧಾರಾಳ ಶಾಂಪೂ ನೀರಿನೊಂದಿಗೆ ಹಗುರವಾಗಿ ಜಾರಿಸಿ. ನೆಲಕ್ಕೆ ಬಿದ್ದ ಕ್ಲೇಯನ್ನು ಮತ್ತೆ ಬಳಸಬೇಡಿ.

ಒಣಗಿದ ಮೇಲೆ ರಬ್ಬರ್, ಕಪ್ಪು ಪ್ಲಾಸ್ಟಿಕ್, ಲಾಂಛನಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಒರಟು ಕಪ್ಪು ಪ್ಲಾಸ್ಟಿಕ್ಕಿಗೆ ಪಾಲಿಶ್ ತಾಗಿ ಒಣಗಿದರೆ ಬಿಳಿ ಕಲೆ ಸುಲಭಕ್ಕೆ ಬಿಡುವುದಿಲ್ಲ. ಬಾಗಿಲು, ಬಾನೆಟ್, ಡಿಕ್ಕಿಗಳ ಚೂಪು ಅಂಚಿಗೂ ಟೇಪ್ ಬೇಕು. ಪೇಂಟ್ ಅತಿ ತೆಳುವಾಗಿರುವುದು ಅಲ್ಲಿ, ಪ್ಯಾಡಿನ ಒತ್ತಡ ಒಂದೇ ಗೆರೆಗೆ ಬೀಳುವುದೂ ಅಲ್ಲಿ.

ಎರಡು ಬಗೆಯ ಯಂತ್ರ

ರೋಟರಿಯಲ್ಲಿ ಪ್ಯಾಡ್ ಒಂದೇ ಅಕ್ಷದ ಮೇಲೆ ಗಿರಗಿರನೆ ತಿರುಗುತ್ತದೆ. ವೇಗವಾಗಿ ತೆಗೆಯುತ್ತದೆ, ಅಷ್ಟೇ ವೇಗವಾಗಿ ಬಿಸಿಯೂ ಆಗುತ್ತದೆ. ಒಂದೇ ಕಡೆ ಒಂದೆರಡು ಸೆಕೆಂಡ್ ನಿಂತರೂ ಪೇಂಟ್ ಸುಡಬಹುದು. ಪಳಗಿದ ಕೈಗೆ ಅದು ಸರಿ.

ಡ್ಯುಯಲ್ ಆ್ಯಕ್ಷನ್, ಎಲ್ಲರೂ ಡಿಎ ಎನ್ನುವ ಯಂತ್ರ, ಎರಡು ಚಲನೆ ಕೊಡುತ್ತದೆ: ಪ್ಯಾಡ್ ತಿರುಗುತ್ತಲೇ ಓಲಾಡುತ್ತದೆ. ಓಲಾಟದ ಅಗಲವನ್ನು ಥ್ರೋ ಎನ್ನುತ್ತಾರೆ. 8, 15, 21 ಮಿ.ಮೀ. ಥ್ರೋದ ಯಂತ್ರಗಳಿವೆ. ಬಾನೆಟ್, ಮಾಡಿನಂಥ ಅಗಲ ಜಾಗಕ್ಕೆ 15 ಮತ್ತು 21 ಚೆನ್ನ, ಬಾಗು ಹೆಚ್ಚಿರುವ ಕಡೆ 8 ಹೆಚ್ಚು ಹಿಡಿತಕ್ಕೆ ಸಿಗುತ್ತದೆ. ಹೆಚ್ಚಿನ ಡಿಎಗಳಲ್ಲಿ ಒತ್ತಡ ಜಾಸ್ತಿಯಾದರೆ ತಿರುಗುವುದು ತಾನಾಗಿ ನಿಂತು ಬರಿ ಅದುರು ಉಳಿಯುತ್ತದೆ. ಹೊಸಬರನ್ನು ಕಾಪಾಡುವ ಗುಣ ಇದೇ. ಮನೆಯಲ್ಲಿ ಮಾಡುವವರಿಗೆ 5 ಇಂಚಿನ ಬ್ಯಾಕಿಂಗ್ ಪ್ಲೇಟಿನ (ಪ್ಯಾಡ್ ಅಂಟಿಸುವ ತಟ್ಟೆಯ) ಡಿಎ ಸಾಕು.

ಪ್ಯಾಡಿನ ಆಯ್ಕೆ

ಉಣ್ಣೆ ಅತಿ ಹೆಚ್ಚು ತೆಗೆಯುತ್ತದೆ, ಅದರ ನಂತರ ಮೈಕ್ರೋಫೈಬರ್, ಆಮೇಲೆ ಫೋಮ್. ಫೋಮಿನಲ್ಲಿ ಗಟ್ಟಿ, ನಡು, ಮೆತ್ತನೆ ಎಂದು ಮೂರು ಹದ. ಬಣ್ಣ ನೋಡಿ ಕೊಳ್ಳಬೇಡಿ, ಒಂದು ಕಂಪನಿಯ ಕಿತ್ತಳೆ ಒರಟಾಗಿದ್ದರೆ ಇನ್ನೊಂದರ ಕಿತ್ತಳೆ ನಡುಹದದ್ದು. ಬಿರುಸು ಎಷ್ಟೆಂದು ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ. 5 ಇಂಚಿನ ಪ್ಲೇಟಿಗೆ ಐದೂವರೆ ಇಂಚಿನ ಪ್ಯಾಡ್ ತೆಗೆದುಕೊಳ್ಳಿ. ಅಂಚು ಹೊರಚಾಚಿದ್ದರೆ ಪ್ಲೇಟ್ ಪೇಂಟಿಗೆ ಬಡಿಯುವುದಿಲ್ಲ.

ಒಂದು ಕಾರಿಗೆ ಒಂದು ಪ್ಯಾಡ್ ಸಾಲದು. ಒಂದೇ ಪ್ಯಾಡಿನಲ್ಲಿ ಮುಗಿಸಲು ಹೊರಟಲ್ಲೇ ಬಹಳ ಕೆಲಸ ಕೆಡುತ್ತದೆ. ಬಿಸಿಯಾದ ಫೋಮ್ ಮೆತ್ತಗಾಗಿ ತೆಗೆಯುವ ಶಕ್ತಿ ಕಳೆದುಕೊಳ್ಳುತ್ತದೆ, ವೆಲ್ಕ್ರೋದ ಅಂಟು ಸಡಿಲವಾಗುತ್ತದೆ. ಒಂದು ಹಂತಕ್ಕೆ ಕನಿಷ್ಠ ಮೂರು, ಸಾಧ್ಯವಾದರೆ ಐದು ಪ್ಯಾಡ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ. ಕಂಪೌಂಡಿಗೆ ಬಳಸಿದ ಪ್ಯಾಡನ್ನು ನಯ ಪಾಲಿಶಿಗೆ ಬಳಸಬಾರದು, ಒರಟು ಕಣ ತೊಳೆದರೂ ಒಂದಿಷ್ಟು ಉಳಿಯುತ್ತದೆ.

ಪ್ಯಾಡ್ ಹದ ಮಾಡುವುದು

ಹೊಸ ಪ್ಯಾಡಿಗೆ ನಾಲ್ಕು ಬೊಟ್ಟು ಪಾಲಿಶ್ ಇಟ್ಟು ಸೀದಾ ಯಂತ್ರ ಓಡಿಸಿದರೆ, ಬೊಟ್ಟು ಇದ್ದಲ್ಲಿ ಮಾತ್ರ ಪಾಲಿಶ್, ಉಳಿದ ಕಡೆ ಒಣ ಫೋಮ್ ಪೇಂಟಿಗೆ ಉಜ್ಜುತ್ತದೆ. ಒಣ ಫೋಮಿನಿಂದ ಬಿಸಿ ಏರುತ್ತದೆ, ಸಣ್ಣ ಸಣ್ಣ ಗೀರು ಬೀಳುತ್ತದೆ, ಒಂದೇ ಪಟ್ಟಿಯೊಳಗೆ (ಒಂದು ಸಲಕ್ಕೆ ಕೆಲಸ ಮಾಡುವ ಚೌಕ ಜಾಗದೊಳಗೆ) ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ತೆಗೆಯುತ್ತದೆ. ಅದಕ್ಕೆ ಮೊದಲ ಸಲ ಪ್ಯಾಡಿನ ಮುಖವೆಲ್ಲ ಪಾಲಿಶ್ ಹಿಡಿಯುವಂತೆ ಮಾಡಬೇಕು. ಕೆಲಸಗಾರರು ಇದನ್ನು ಪ್ರೈಮಿಂಗ್ ಎನ್ನುತ್ತಾರೆ. ಹೊಸ ದೋಸೆ ಕಾವಲಿಗೆ ಮೊದಲು ಮೂಲೆಮೂಲೆಗೂ ಎಣ್ಣೆ ಹಿಡಿಸಿ, ಆಮೇಲೆ ದೋಸೆ ದೋಸೆಗೆ ಒಂದೊಂದು ಹನಿ ಸವರಿದರೆ ಸಾಕಾಗುವ ಹಾಗೆ.

ಫೋಮ್ ಪ್ಯಾಡಿಗೆ ಕ್ರಮ ಹೀಗೆ. ಬಾಟಲಿ ಚೆನ್ನಾಗಿ ಕುಲುಕಿ, ಪಾಲಿಶಿನ ಉಜ್ಜುವ ಕಣಗಳು ತಳದಲ್ಲಿ ಕೂತಿರುತ್ತವೆ. ಪ್ಯಾಡಿನ ಮೇಲೆ ಕಡಲೆ ಕಾಳಿನಷ್ಟು ದೊಡ್ಡ ಎಂಟು ಹತ್ತು ಬೊಟ್ಟು ಹರಡಿ ಇಡಿ. ಶುಚಿ ಬೆರಳಿನಿಂದ ನಡುವಿನಿಂದ ಅಂಚಿನವರೆಗೆ ಸವರಿ, ಫೋಮಿನ ರಂಧ್ರಗಳೊಳಗೆ ಒತ್ತಿ. ಮುಖವೆಲ್ಲ ತೆಳುವಾಗಿ ಒಂದೇ ಬಣ್ಣಕ್ಕೆ ಬಂದರೆ ಹದ ಬಂತು. ಮೇಲೆ ದಪ್ಪಗೆ ನಿಂತ ಪಾಲಿಶ್ ಇದ್ದರೆ ಬೆರಳಿನಿಂದ ಬಳಿದು ತೆಗೆಯಿರಿ. ಪ್ಯಾಡಿನ ಬದಿಗಳಿಗೆ ಹಚ್ಚುವ ಅಗತ್ಯವಿಲ್ಲ.

ಮೈಕ್ರೋಫೈಬರ್ ಮತ್ತು ಉಣ್ಣೆ ಹೆಚ್ಚು ಕುಡಿಯುತ್ತವೆ. ಎಳೆಗಳ ಬುಡಕ್ಕೆ ಹೋಗುವಂತೆ ಕೈಯಿಂದ ಕಲಸಿ, ಗಟ್ಟಿ ನೈಲಾನ್ ಬ್ರಶ್ಶಿನಿಂದ ಎಳೆ ಎಬ್ಬಿಸಿ, ಮತ್ತೊಮ್ಮೆ ತೆಳುವಾಗಿ ಹಚ್ಚಿ. ಎಳೆಗಳು ಒಂದಕ್ಕೊಂದು ಅಂಟಿ ಮಲಗಿದ್ದರೆ ಜಾಸ್ತಿಯಾಗಿದೆ ಎಂದು ಅರ್ಥ.

ಹದವಾದ ಮೇಲೆ ಪ್ರತಿ ಪಟ್ಟಿಗೆ ಬೇಕಾಗುವುದು ಮೂರು ನಾಲ್ಕು ಬೊಟ್ಟು ಮಾತ್ರ. ಹೆಚ್ಚು ಹಾಕಿದರೆ ಹೆಚ್ಚು ಕೆಲಸವಾಗುತ್ತದೆ ಎಂಬುದು ತಪ್ಪು ಎಣಿಕೆ. ಪಾಲಿಶಿನ ಎಣ್ಣೆ ಪದರದ ಮೇಲೆ ಪ್ಯಾಡ್ ಜಾರುತ್ತದೆ, ಕಣಗಳು ಪೇಂಟನ್ನು ಹಿಡಿಯುವುದೇ ಇಲ್ಲ, ಗಾಜಿಗೂ ಗೋಡೆಗೂ ಸಿಡಿಯುತ್ತದೆ, ಒರೆಸಲೂ ಕಷ್ಟ.

ಇನ್ನು ಓಡುತ್ತಿರುವ ಪ್ಯಾಡನ್ನು ಶುಚಿಯಾಗಿಡುವ ಮಾತು. ಪೇಂಟಿನಿಂದ ಕಿತ್ತು ಬಂದ ಕ್ಲಿಯರ್ ಕೋಟಿನ ಹುಡಿಯೂ ಬಳಸಿದ ಪಾಲಿಶೂ ಸೇರಿ ಪ್ಯಾಡಿನ ಮೇಲೆ ಜಿಗುಟಾಗಿ ಕಟ್ಟುತ್ತದೆ. ಅದರ ಮೇಲೆ ಹೊಸ ಪಾಲಿಶ್ ಹಾಕುತ್ತ ಹೋದರೆ ತೆಗೆದ ಹುಡಿಯನ್ನೇ ಮತ್ತೆ ಉಜ್ಜಿದಂತೆ. ಪ್ರತಿ ಪಟ್ಟಿ ಮುಗಿದ ಕೂಡಲೇ ಫೋಮಿಗೆ ದಪ್ಪ ಟರ್ಕಿ ಟವಲ್ ಹಿಡಿದು, ಯಂತ್ರವನ್ನು ನಿಧಾನ ವೇಗದಲ್ಲಿ ಐದು ಸೆಕೆಂಡ್ ಓಡಿಸಿ ಒತ್ತಿ. ಮೈಕ್ರೋಫೈಬರಿಗೂ ಉಣ್ಣೆಗೂ ನೈಲಾನ್ ಬ್ರಶ್, ಕಂಪ್ರೆಸರ್ ಇದ್ದರೆ ಗಾಳಿ ಇನ್ನೂ ಒಳ್ಳೆಯದು. ಕೆಲಸ ಮಾಡುವವರು ಹೀಗೆ ನಿಂತು ಪ್ಯಾಡ್ ಶುಚಿ ಮಾಡುತ್ತಾರೋ ಇಲ್ಲವೋ ಎಂದು ನೋಡಿದರೆ ಅಂಗಡಿಯ ಗುಣಮಟ್ಟ ಅರ್ಧ ತಿಳಿದಂತೆಯೇ.

ಕೈಯಲ್ಲಿ ಮುಟ್ಟಿ ನೋಡಿ. ಪ್ಯಾಡ್ ಬೆಚ್ಚಗಿದ್ದರೆ ಸರಿ, ಬಿಸಿ ಎನಿಸಿದರೆ ಬದಲಿಸಿ. ಪೂರ್ತಿ ಒದ್ದೆಯಾದ ಪ್ಯಾಡನ್ನೂ ಬದಲಿಸಿ.

ಪರೀಕ್ಷಾ ಪಟ್ಟಿ

ಇಡೀ ಕಾರಿಗೆ ಇಳಿಯುವ ಮೊದಲು ಬಾನೆಟ್ಟಿನಲ್ಲಿ 45 ಸೆಂ.ಮೀ. ಉದ್ದ, ಅಷ್ಟೇ ಅಗಲದ ಜಾಗವನ್ನು ಟೇಪಿನಿಂದ ಗುರುತಿಸಿ. ಮೆತ್ತನೆ ಪ್ಯಾಡ್, ನಯ ಪಾಲಿಶಿನಿಂದ ಶುರುಮಾಡಿ. ಸಾಲದಿದ್ದರೆ ಮೊದಲು ಪ್ಯಾಡ್ ಬದಲಿಸಿ, ಆಮೇಲೂ ಸಾಲದಿದ್ದರೆ ಪಾಲಿಶ್ ಬದಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಯಾವುದರಿಂದ ಫಲ ಬಂತೆಂದು ತಿಳಿಯುತ್ತದೆ. ಫಲಿತಾಂಶ ನೋಡುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ನೀರು ನಾಲ್ಕು ಪಾಲು ಬೆರೆಸಿ ಸಿಂಪಡಿಸಿ ಒರೆಸಿ. ಪಾಲಿಶಿನ ಎಣ್ಣೆ ಗೀರುಗಳಲ್ಲಿ ತುಂಬಿಕೊಂಡು ತಾತ್ಕಾಲಿಕವಾಗಿ ಮುಚ್ಚಿರುತ್ತದೆ. ಎರಡು ವಾರದಲ್ಲಿ ಗೀರು ಮರಳಿ ಬಂತು ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಟ್ಯೂಬ್‌ಲೈಟಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಒಂದು ಎಲ್‌ಇಡಿ ಟಾರ್ಚ್ ಹಿಡಿದು ನೋಡಿ.

ಯಂತ್ರ ಓಡಿಸುವ ಕ್ರಮ

ನೆರಳು ಬೇಕು. ಪೇಂಟ್ ಕೈಗೆ ತಂಪಾಗಿರಬೇಕು, ಬಿಸಿ ತಗಡಿನ ಮೇಲೆ ಪಾಲಿಶ್ ಒಣಗಿ ಹುಡಿಯಾಗುತ್ತದೆ. ನಮ್ಮ ಕಡೆ ಬೆಳಗ್ಗಿನ ಹೊತ್ತು ಒಳ್ಳೆಯದು. ವಯರನ್ನು ಹೆಗಲ ಮೇಲೆ ಹಾಕಿಕೊಳ್ಳಿ, ನೆಲಕ್ಕೆ ಬಿದ್ದ ವಯರ್ ಬಾಗಿಲಿಗೆ ಉಜ್ಜಿ ಗೀರುತ್ತದೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ.

ಪ್ಯಾಡನ್ನು ಪ್ಲೇಟಿನ ಸರಿ ನಡುವೆ ಕೂರಿಸಿ. ಒಂದು ಬದಿಗೆ ಸರಿದರೆ ಯಂತ್ರ ಕೈಯಲ್ಲಿ ಒದರುತ್ತದೆ, ಪ್ಯಾಡೂ ಹರಿಯುತ್ತದೆ. ಯಂತ್ರ ಆನ್ ಮಾಡುವ ಮೊದಲು ಪ್ಯಾಡನ್ನು ಪೇಂಟಿನ ಮೇಲೆ ಇಟ್ಟು ನಾಲ್ಕು ಕಡೆ ಒತ್ತಿ ಬೊಟ್ಟುಗಳನ್ನು ಹರಡಿ. ವೇಗ 1 ಅಥವಾ 2ರಲ್ಲಿ ಪಟ್ಟಿಯ ಮೇಲೆಲ್ಲ ಸವರಿ, ಆಮೇಲೆ 4 ಅಥವಾ 5ಕ್ಕೆ ಏರಿಸಿ.

ಕೈ ನಿಧಾನವಾಗಿ ಸಾಗಲಿ. ಸೆಕೆಂಡಿಗೆ ಮೂರು ನಾಲ್ಕು ಸೆಂಟಿಮೀಟರ್, ಎಂದರೆ 45 ಸೆಂ.ಮೀ. ದಾಟಲು ಸುಮಾರು 12 ಸೆಕೆಂಡ್. ಎಡದಿಂದ ಬಲಕ್ಕೆ ಹೋದ ಗೆರೆಯ ಅರ್ಧವನ್ನು ಮುಂದಿನ ಗೆರೆ ಮುಚ್ಚಬೇಕು. ಹೀಗೆ ಪಟ್ಟಿ ಮುಗಿದರೆ ಒಂದು ಸುತ್ತು. ಎರಡನೆಯ ಸುತ್ತು ಮೇಲಿನಿಂದ ಕೆಳಗೆ. ನಾಲ್ಕು ಸುತ್ತು ಸಾಮಾನ್ಯ, ಗಟ್ಟಿ ಪೇಂಟಿಗೆ ಆರು. ಕೊನೆಯ ಸುತ್ತಿನಲ್ಲಿ ಒತ್ತಡ ಬಿಟ್ಟು ಯಂತ್ರದ ಭಾರಕ್ಕಷ್ಟೇ ಓಡಿಸಿ. ಪ್ಯಾಡ್ ಪೇಂಟಿನ ಮೇಲಿರುವಾಗಲೇ ಆಫ್ ಮಾಡಿ, ನಿಂತ ಮೇಲೆ ಎತ್ತಿ.

ಒತ್ತಡ ಎಷ್ಟಿರಬೇಕು ಎಂಬುದಕ್ಕೆ ಸರಳ ಉಪಾಯವಿದೆ. ಬ್ಯಾಕಿಂಗ್ ಪ್ಲೇಟಿನ ಬದಿಗೆ ಮಾರ್ಕರಿನಿಂದ ಒಂದು ದಪ್ಪ ಗೆರೆ ಎಳೆಯಿರಿ. ಓಡುವಾಗ ಆ ಗೆರೆ ಸುತ್ತುವುದು ಕಾಣಬೇಕು. ನಿಂತರೆ ಒಂದೋ ಒತ್ತಡ ಹೆಚ್ಚು, ಇಲ್ಲವೇ ಪ್ಯಾಡ್ ಓರೆಯಾಗಿದೆ. ತಿರುಗದ ಡಿಎ ಅದುರುತ್ತದೆ ಅಷ್ಟೆ, ಗೀರು ತೆಗೆಯುವುದಿಲ್ಲ. ಫೆಂಡರಿನ ಬಾಗಿನಲ್ಲಿ ಇದು ಸದಾ ಆಗುತ್ತದೆ. ಪಟ್ಟಿ ಚಿಕ್ಕದು ಮಾಡಿ, ಮೂರು ಇಂಚಿನ ಪ್ಯಾಡ್ ಇದ್ದರೆ ಅದನ್ನು ಹಾಕಿ.

ರೋಟರಿಯಾದರೆ 600ರಿಂದ 900 ಆರ್‌ಪಿಎಂನಲ್ಲಿ ಹರಡಿ, 1000ದಿಂದ 1500ರಲ್ಲಿ ಕೆಲಸ ಮಾಡಿ, ಎಲ್ಲಿಯೂ ನಿಲ್ಲಬೇಡಿ. ಬಂಪರಿನ ಮೇಲೆ ಇನ್ನೂ ಎಚ್ಚರ. ತಗಡು ಬಿಸಿಯನ್ನು ಸುತ್ತಲೂ ಹರಡುತ್ತದೆ, ಪ್ಲಾಸ್ಟಿಕ್ ಹರಡುವುದಿಲ್ಲ, ಬಿಸಿ ಒಂದೇ ಜಾಗದಲ್ಲಿ ಸೇರಿ ಪೇಂಟ್ ಗುಳ್ಳೆ ಏಳುತ್ತದೆ.

ಸಮಯದ ಲೆಕ್ಕವನ್ನೂ ಹಾಕಿ ನೋಡಿ. 45 ಸೆಂ.ಮೀ. ಪಟ್ಟಿಗೆ ನಾಲ್ಕು ಸುತ್ತು ಐದಾರು ನಿಮಿಷ, ಒರೆಸಿ ಪ್ಯಾಡ್ ಶುಚಿ ಮಾಡುವುದು ಸೇರಿ ಏಳೆಂಟು ನಿಮಿಷ. ಸಣ್ಣ ಕಾರಿನಲ್ಲೂ ಇಂಥ ಪಟ್ಟಿಗಳು 40ರ ಆಸುಪಾಸು ಬರುತ್ತವೆ. ಒಂದು ಹಂತಕ್ಕೇ ಐದು ಗಂಟೆ ಆಯಿತು. ತೊಳೆಯುವುದೂ ಸೇರಿ ಎರಡು ಗಂಟೆಯಲ್ಲಿ ಗೀರೆಲ್ಲ ತೆಗೆದು ಕೊಡುತ್ತೇವೆ ಎಂದರೆ ಅಲ್ಲಿ ನಡೆಯುವುದು ಎಣ್ಣೆಯಿಂದ ಗೀರು ತುಂಬುವ ಕೆಲಸ.

ತಪ್ಪಿದಾಗ ಏನು ಕಾಣುತ್ತದೆ

ಬಿಸಿಲಿನಲ್ಲಿ ನೋಡಿದಾಗ ಬೆಳಕಿನ ಜೊತೆ ಸರಿಯುವ ಬಾಲದಂಥ ಗೆರೆಗಳು ಕಂಡರೆ ಅದು ಹಾಲೋಗ್ರಾಮ್, ರೋಟರಿಯನ್ನು ಓರೆ ಹಿಡಿದು ಅಥವಾ ಉಣ್ಣೆ ಪ್ಯಾಡಿನಲ್ಲೇ ಮುಗಿಸಿದ್ದರ ಗುರುತು. ಡಿಎಯಲ್ಲಿ ಮೆತ್ತನೆ ಫೋಮ್, ನಯ ಪಾಲಿಶ್ ಹಾಕಿ ಎರಡು ಮೂರು ಸುತ್ತು ಓಡಿಸಿದರೆ ಹೋಗುತ್ತದೆ. ಕಪ್ಪು ಕಾರಿನ ಮೇಲೆ ತೆಳು ಮಂಜಿನಂತೆ ಕಂಡರೆ ಪ್ಯಾಡ್ ಆ ಪೇಂಟಿಗೆ ಒರಟಾಯಿತು ಅಥವಾ ಕೊಳಕಾಗಿತ್ತು. ಮೊದಲು ಅದೇ ಬಗೆಯ ಶುಚಿ ಪ್ಯಾಡ್ ಹಾಕಿ ನೋಡಿ, ಬಹಳ ಸಲ ಅಷ್ಟರಿಂದಲೇ ಸರಿಯಾಗುತ್ತದೆ. ಹುಡಿ ಹಾರಿದರೆ ಪಾಲಿಶ್ ಒಣಗಿದೆ: ಪಟ್ಟಿ ದೊಡ್ಡದಾಯಿತು, ತಗಡು ಬಿಸಿಯಿದೆ, ಇಲ್ಲವೇ ಪ್ಯಾಡ್ ಹದವಾಗಿಲ್ಲ. ಪಾಲಿಶ್ ಜಿಗುಟಾಗಿ ಒರೆಸಲು ಬಾರದಿದ್ದರೆ ಅಳತೆ ಹೆಚ್ಚಾಗಿದೆ.

ಪ್ಯಾಡಿಗೆ ಕಾರಿನ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ. ಹಳೆಯ ಕಾರುಗಳಲ್ಲಿ, ಕೆಲವು ಮರುಪೇಂಟ್‌ಗಳಲ್ಲಿ ಕ್ಲಿಯರ್ ಕೋಟೇ ಇರುವುದಿಲ್ಲ, ಅಲ್ಲಿ ಬಣ್ಣ ಬರುವುದು ಸಹಜ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಣ್ಣ ಬಂದರೆ ಆ ಪದರ ತೂತಾಗಿದೆ.

ಪಾಲಿಶ್ ಮುಗಿದ ಪೇಂಟಿಗೆ ಯಾವ ರಕ್ಷಣೆಯೂ ಇರುವುದಿಲ್ಲ, ಹಳೆಯ ವ್ಯಾಕ್ಸ್ ಕೂಡ ಹೋಗಿರುತ್ತದೆ. ಅದೇ ದಿನ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಿ. ಕಡಲ ಬದಿಯ ಊರುಗಳಲ್ಲಿ ಇದನ್ನು ಮುಂದೂಡಲೇಬಾರದು.

ಪ್ಯಾಡ್ ತೊಳೆದು ಇಡುವುದು

ಪಾಲಿಶ್ ಒಣಗಿ ಗಟ್ಟಿಯಾಗುವ ಮೊದಲೇ ತೊಳೆಯಬೇಕು. ಕೆಲಸ ನಡೆಯುತ್ತಿರುವಾಗಲೇ ಬಳಸಿದ ಪ್ಯಾಡುಗಳನ್ನು ಪಾತ್ರೆ ತೊಳೆಯುವ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿಗೆ ಹಾಕಿ. ಅರ್ಧ ಗಂಟೆ ಸಾಕು, ರಾತ್ರಿಯಿಡೀ ನೆನೆಸಿದರೆ ಅಂಟು ಬಿಡುತ್ತದೆ. ಬೆರಳಿನಿಂದ ಒತ್ತಿ ಒತ್ತಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಬಟ್ಟೆಯಂತೆ ತಿರುಚಿ ಹಿಂಡಿದರೆ ಫೋಮ್ ಹರಿಯುತ್ತದೆ. ಅಂಗೈಗಳ ನಡುವೆ ಒತ್ತಿ ನೀರು ತೆಗೆದು, ವೆಲ್ಕ್ರೋ ಭಾಗ ಮೇಲೆ ಮಾಡಿ ತಂತಿಯ ಜಾಲರಿಯ ಮೇಲೆ ಗಾಳಿಗೆ ಇಡಿ, ನೀರು ಅಂಟಿನ ಕಡೆಗೆ ಇಳಿಯದೆ ಕೆಳಗೆ ಬಸಿಯುತ್ತದೆ. ಬಿಸಿಲಿನ ದಿನಗಳಲ್ಲಿ ನೆರಳಿನಲ್ಲೇ ಒಣಗುತ್ತದೆ. ಜೂನ್, ಜುಲೈಯಲ್ಲಿ ಮೂರು ದಿನವಾದರೂ ಒಳಗೆ ತೇವ ಉಳಿದು ಬೂಸ್ಟು ಹಿಡಿಯುವುದುಂಟು, ಫ್ಯಾನಿನಡಿ ಇಡಬೇಕು. ಪೂರ್ತಿ ಒಣಗಿದ ಮೇಲೆ ಒಂದೊಂದು ಪ್ಯಾಡನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕಂಪೌಂಡಿಗೋ ಪಾಲಿಶಿಗೋ ಎಂದು ಮೇಲೆ ಬರೆದಿಡಿ. ಫೋಮಿನ ಅಂಚು ಹರಿದಿದ್ದರೆ, ಒತ್ತಿದ ಮೇಲೆ ಮೇಲೇಳದಿದ್ದರೆ, ವೆಲ್ಕ್ರೋ ಬಿಡತೊಡಗಿದ್ದರೆ ಆ ಪ್ಯಾಡ್ ಮತ್ತೆ ಪೇಂಟಿಗೆ ತಾಗಬಾರದು. ಅಲಾಯ್ ವ್ಹೀಲ್ ಉಜ್ಜಲು ಇಟ್ಟುಕೊಳ್ಳಬಹುದು.